ತಲೆಯ ಹಿಂದಿನ ನೀರು

ಮೂರು ವಾರದಿಂದ ಜಯರಾಮುಗೆ ನಡೆಯುವುದೇ ಒಂದು ಕೆಲಸವಾಗಿಬಿಟ್ಟಿತ್ತು. ಬಚ್ಚಲಿನಿಂದ ಬಂದು ಹೊಸ್ತಿಲು ದಾಟುವಾಗ ಕಾಲು ತಾನಾಗಿ ಎಷ್ಟು ಏಳಬೇಕೋ ಅಷ್ಟೇ ಎದ್ದಿತು. ಎತ್ತಿಸಿದ್ದು ಯಾರು ಎಂದು ಅವನು ಒದ್ದೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ನಿಂತುಬಿಟ್ಟ. ಇಂಥದ್ದನ್ನೆಲ್ಲ ಕೆದಕುತ್ತಾ ಕೂತರೆ ಮನುಷ್ಯ ಬದುಕುವುದುಂಟೆ? ಉಸಿರು ಎಳೆಸುವುದು ಯಾರು, ಉಗುಳು ನುಂಗಿಸುವುದು ಯಾರು, ಮೈ ಒಂದು ಕಡೆ ವಾಲಿದರೆ ಬೀಳದ ಹಾಗೆ ಇನ್ನೊಂದು ಕಡೆಯಿಂದ ಎಳೆದು ಹಿಡಿಯುವುದು ಯಾರು, ಇದನ್ನೆಲ್ಲ ಹತ್ತನೇ ಕ್ಲಾಸಿನ ಮಕ್ಕಳಿಗೆ ವರ್ಷ ವರ್ಷವೂ ಬರೆಸಿದವನು ಅವನೇ. ಬೋರ್ಡಿನ ಮೇಲೆ ಹಿಮ್ಮೆದುಳು ಎಂದು ಬರೆದು, ಅದರಡಿ ಮೂರು ಗೆರೆ ಎಳೆದು, ಅನುಮಸ್ತಿಷ್ಕ, ಪಾನ್ಸ್, ಮೆಡುಲ್ಲಾ ಎಂದು ಕೂಗಿ, "ಎರಡು ಮಾರ್ಕ್ಸಿಗೆ ಗ್ಯಾರಂಟಿ ಕಣ್ರೋ, ಬಾಯಿಪಾಠ ಮಾಡ್ಕೊಳ್ರಿ" ಅಂದು ಗಂಟೆ ಹೊಡೆಯುವ ಮೊದಲೇ ಡಸ್ಟರು ಎತ್ತಿಬಿಡುತ್ತಿದ್ದ. ಎರಡು ಮಾರ್ಕ್ಸಂತೆ! ಆ ಎರಡು ಮಾರ್ಕ್ಸಿನ ಹಿಮ್ಮೆದುಳು ಈಗ ತನ್ನ ಹೆಂಡತಿಯ ಹೊಟ್ಟೆಯಲ್ಲಿ, ಇನ್ನೂ ಹೆಸರಿಲ್ಲದ ಒಂದು ಮಗುವಿನ ತಲೆಯ ಹಿಂದೆ, ಸರಿಯಾಗಿ ಬೆಳೆದಿದೆಯೋ ಇಲ್ಲವೋ ಎಂಬುದು ಇವತ್ತು ಗೊತ್ತಾಗಬೇಕಿತ್ತು.

"ರೀ, ಅಲ್ಲೇ ಕಂಬ ಆಗ್ಬುಟ್ರಾ? ಸುನಿತಾ ಸೀಟು ಹಿಡ್ದಿರ್ತೀನಿ ಅಂದವಳೆ, ಬಸ್ಸು ಬುಟ್ಟೋದ್ರೆ ನಾನು ನಿಂತ್ಕೊಂಡು ಬರಾಕಾಗಲ್ಲ," ಅಂತ ಲಾವಣ್ಯ ಒಳಗಿನಿಂದ ಕೂಗಿದಳು. ಕೂಗು ಎಂದಿನಂತೇ ಇತ್ತು. ಅವಳು ಸರ್ಕಾರಿ ಬಸ್ಸಿನ ಕಂಡಕ್ಟರು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಗಾಡಿಯಲ್ಲಿ ಐದು ವರ್ಷ ಕೂಗಿ ಕೂಗಿ ಗಂಟಲು ಹದವಾಗಿತ್ತು. ಈಗ ಹೊಟ್ಟೆ ಕಾಣುತ್ತಿದ್ದುದರಿಂದ ಡಿಪೋದಲ್ಲಿ ಕೂರುವ ಕೆಲಸ ಕೊಟ್ಟಿದ್ದರು. ಅವನು ಅವಳನ್ನು ಮೊದಲು ನೋಡಿದ್ದೂ ಅದೇ ಬಸ್ಸಿನಲ್ಲಿ. ಗಾಡಿ ತಿರುವಿನಲ್ಲಿ ಮೈ ಬಳುಕಿಸಿದಾಗ ಮೇಲಿನ ಸರಳು ಹಿಡಿದಿದ್ದ ಜಯರಾಮು ಒಬ್ಬ ಅಜ್ಜಿಯ ಮಡಿಲಿಗೆ ಬಿದ್ದು ಬೈಸಿಕೊಂಡಿದ್ದ, ಅವಳು ಮಾತ್ರ ಏನನ್ನೂ ಹಿಡಿಯದೆ, ಒಂದು ಕೈಯಲ್ಲಿ ಟಿಕೆಟ್ ಮೆಷಿನ್ನು, ಇನ್ನೊಂದರಲ್ಲಿ ಚಿಲ್ಲರೆ, ಸೊಂಟವನ್ನು ಸೀಟಿನ ಅಂಚಿಗೆ ಒಂದಿಷ್ಟು ತಾಗಿಸಿ ನಿಂತು, "ಎಲ್ಲಿಗೆ ಮೇಷ್ಟ್ರೇ?" ಎಂದಿದ್ದಳು. ಮೇಷ್ಟ್ರು ಅಂತ ಹೆಂಗೆ ಗೊತ್ತಾಯಿತೋ! ಬಹುಶಃ ಬಿದ್ದ ರೀತಿಯಲ್ಲೇ. ಆವತ್ತು ಅವನಿಗೆ ಮೈಯ ಸಮತೋಲ ಕಾಯುವ ಅನುಮಸ್ತಿಷ್ಕ ನೆನಪಾಗಲಿಲ್ಲ, ಹುಡುಗಿ ಚೆನ್ನಾಗಿದ್ದಾಳೆ ಅನ್ನಿಸಿತು ಅಷ್ಟೆ.

ತುಮಕೂರಿನ ಸ್ಕ್ಯಾನಿಂಗ್ ಡಾಕ್ಟರಮ್ಮ ಮೂರು ವಾರದ ಹಿಂದೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಬೆನ್ನು, ಎದೆ, ಕೈಕಾಲು, ಎಲ್ಲ ಸರಿ ಸರಿ ಎನ್ನುತ್ತಾ ಬಂದವರು ತಲೆಗೆ ಬಂದಾಗ ಸುಮ್ಮನಾದರು. ಆ ಸುಮ್ಮನಿರುವಿಕೆ ಇಷ್ಟು ಉದ್ದವಿತ್ತು ಎಂದು ಅವನು ಈಗಲೂ ಅಳೆದು ತೋರಿಸಬಲ್ಲ. "ಮಗೂ ತಲೆ ಹಿಂದ್ಗಡೆ ನೀರು ಸ್ವಲ್ಪ ಜಾಸ್ತಿ ಕಾಣ್ತಿದೆ. ಸಣ್ಣ ಮೆದುಳು ಅಂತೀವಲ್ಲ, ಅದರ ಎರಡು ಹೋಳಿನ ಮಧ್ಯದ ಭಾಗ ಇನ್ನೂ ಕೆಳಗಿಳಿದು ಮುಚ್ಚಿಲ್ಲ. ಕೆಲವು ಮಕ್ಕಳಲ್ಲಿ ತಡವಾಗಿ ಮುಚ್ಚುತ್ತೆ. ಕೆಲವರಲ್ಲಿ ಮುಚ್ಚೋದೇ ಇಲ್ಲ. ಮೂರು ವಾರ ಬಿಟ್ಟು ಬನ್ನಿ, ಆಮೇಲೆ ತೀರ್ಮಾನ ಮಾಡೋಣ." ಮುಚ್ಚದಿದ್ದರೆ ಏನು ಎಂದು ಲಾವಣ್ಯ ಕೇಳಿದ್ದಕ್ಕೆ, ನಡಿಗೆ, ಮಾತು, ಮೈಯ ಸಮತೋಲ ಹಿಡಿಯುವುದು ಕಷ್ಟವಾಗಬಹುದು, ಬೇರೆ ತೊಂದರೆಗಳೂ ಇರಬಹುದು, ಏನೂ ಆಗದೆಯೂ ಇರಬಹುದು ಅಂದರು. ತೀರ್ಮಾನ ಅಂದರೆ ಏನೆಂದು ಇಬ್ಬರೂ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಕಾನೂನು ಇಂತಿಷ್ಟು ವಾರದ ತನಕ ಬಿಡುತ್ತದೆ, ಅದರೊಳಗೆ ಮಗು ಬೇಕೋ ಬೇಡವೋ ಹೇಳಬೇಕು. ಹೊರಗೆ ಬಂದು ಚಪ್ಪಲಿ ಹುಡುಕುವಾಗ ಅವನ ಬಾಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ತಲೆ ಹಿಂದೆ ನೀರು, ತಲೆ ಹಿಂದೆ ನೀರು. ಅದನ್ನು ಅವನು ಕಣ್ಣಾರೆ ನೋಡಿದ್ದ. ಕೈಯಾರೆ ಮುಟ್ಟಿದ್ದ. ಮಗುವಿನದಲ್ಲ, ಕುರಿಯದು.

ಹುಲಿಕುಂಟೆಯ ಹತ್ತಿರ ಚಿಕ್ಕಪ್ಪ ಹುಚ್ಚಣ್ಣನ ಕುರಿಹಟ್ಟಿ. ಲಾವಣ್ಯಳಿಗೆ ತಿಂಗಳು ನಿಂತು ಎರಡನೆಯದು ನಡೆಯುತ್ತಿದ್ದ ಒಂದು ಭಾನುವಾರ ಅವನು ಅಲ್ಲಿಗೆ ಹೋಗಿದ್ದ. ಬೆಳಗ್ಗೆ ಎದ್ದರೆ ಅವಳಿಗೆ ವಾಂತಿ. ಅವನು ಹೊರಗೆ ನಿಂತು, ಇದು ಮೆಡುಲ್ಲಾದ ಕೆಲಸ, ಎಂದು ಮನಸ್ಸಿನಲ್ಲೇ ಪಾಠ ಹೇಳಿಕೊಂಡು, ನಿಂಬೆಹಣ್ಣು ಕೊಯ್ದುಕೊಟ್ಟು ಬಸ್ಸು ಹತ್ತಿದ್ದ. "ಮೂರು ತಿಂಗ್ಳು ಆಗೋಗಂಟ ಯಾರ್ಗೂ ಹೇಳ್ಬೇಡ್ರಿ, ನಿಮ್ಮಮ್ಮನ್ಗೂವೆ," ಎಂದು ಅವಳು ಮುಖ ತೊಳೆಯುತ್ತಾ ಹೇಳಿದ್ದಳು. ಹಟ್ಟಿಯಲ್ಲಿ ಒಂದು ಹೆಣ್ಣುಕುರಿ ಬೇರೆಯವುಗಳಿಂದ ದೂರ ನಿಂತಿತ್ತು. ನಾಲ್ಕು ಕಾಲನ್ನೂ ಅಗಲಿಸಿಕೊಂಡು, ನೆಲವೇ ಜಾರುತ್ತಿದೆ ಎಂಬಂತೆ, ತಲೆ ಹಿಂದಕ್ಕೆ ಎತ್ತಿ. ಹೆಜ್ಜೆ ಇಟ್ಟರೆ ಕಾಲು ಬೇಕಾದ್ದಕ್ಕಿಂತ ಎತ್ತರಕ್ಕೆ ಹೋಗಿ ಬೇಡದ ಕಡೆ ಬೀಳುತ್ತಿತ್ತು. ಮೇವಿನ ಹತ್ತಿರ ಬಾಯಿ ತಂದು, ಗುರಿ ತಪ್ಪಿ, ಪಕ್ಕದ ಗೋಡೆಗೆ ಮೂತಿ ತಾಗಿಸಿಕೊಂಡಿತು. ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಹೊಟ್ಟೆಗೆ ಹೋಗುವ ಹುಳದ ಮೊಟ್ಟೆ ತಲೆಗೇರಿ ನೀರುಗುಳ್ಳೆಯಾಗುತ್ತದೆ. ಮುಂದೆ ಆದರೆ ಕುರಿ ಗಿರಕಿ ಹೊಡೆಯುತ್ತದೆ, ಹಿಂದೆ ಆದರೆ ಹೀಗೆ ತೂರಾಡುತ್ತದೆ. ಅವನು ಚಿಕ್ಕವನಿದ್ದಾಗ ಇಂಥವನ್ನು ನೋಡಿ ನಕ್ಕಿದ್ದುಂಟು, ಹೆಂಡ ಕುಡಿದಿದೆ ಎಂದು.

"ಬುರುಡೆ ಮೆತ್ತಗಾಗೈತೆ ಕಣ್ಲಾ ಜಯರಾಮ, ಮುಟ್ಟು," ಎಂದು ಚಿಕ್ಕಪ್ಪ ಅವನ ಹೆಬ್ಬೆರಳನ್ನು ಹಿಡಿದು ಕುರಿಯ ಎರಡು ಕಿವಿಗಳ ನಡುವೆ, ಕತ್ತಿನ ಕಡೆಗೆ ಇಟ್ಟು ಒತ್ತಿದ. ಮಾಗಿದ ಸೀತಾಫಲದ ಹಾಗೆ ಒಳಕ್ಕೆ ಹೋಯಿತು. ಅಲ್ಲಿ ಸಣ್ಣಗೆ ಕೊಯ್ದು, ನೀರು ಬಿಟ್ಟು, ಗುಳ್ಳೆಯ ಚರ್ಮವನ್ನು ಹರಿಯದಂತೆ ಎಳೆದು ತೆಗೆದರೆ ಕೆಲವು ಬದುಕುತ್ತವೆ, ಕೆಲವು ಇಲ್ಲ. ದನದ ಡಾಕ್ಟರಿಗೆ ಫೋನು ಮಾಡೋಣ ಎಂದು ಅವನು ಅಂದಿದ್ದಕ್ಕೆ, ಭಾನುವಾರ ಯಾವ ಡಾಕ್ಟ್ರು ಬತ್ತಾನ್ಲಾ ಎಂದು ನಕ್ಕ. ಚಿಕ್ಕಪ್ಪನ ಕೈ ಈಗ ನಡುಗುತ್ತಿತ್ತು, ಕಾಫಿ ಲೋಟವೇ ನಿಲ್ಲುತ್ತಿರಲಿಲ್ಲ. ಚೂರಿ ಕೆಂಡದಲ್ಲಿ ಕಾಯಿಸಿ ಜಯರಾಮು ಕಡೆಗೆ ಹಿಡಿದ. ಕೊಡುವ ಮುಂಚೆ, ಮಾತಿಗೆ ಅನ್ನುವ ಹಾಗೆ ಕೇಳಿದ: "ಮನೇಲಿ ಏನೂ ವಿಶೇಷ ಇಲ್ವೇನ್ಲಾ?"

ಅದು ಮಾತಿಗೆ ಕೇಳಿದ್ದಲ್ಲ. ಹಟ್ಟಿಯಲ್ಲಿ ಹುಟ್ಟಿದ ಎಲ್ಲರಿಗೂ ಅದು ಗೊತ್ತು. ಹೆಂಡತಿ ಬಸುರಿಯಿದ್ದರೆ ಗಂಡ ಯಾವ ಪ್ರಾಣಿಯ ಮೇಲೂ ಚೂರಿ ಇಡಬಾರದು, ದೇವರಿಗೆ ಕಾಯಿ ಕೂಡ ಒಡೆಯಬಾರದು. ಹಿಂದೆ ನೆಂಟರ ಊಟಕ್ಕೆ ಮರಿ ಕಡಿಯುವಾಗ ಹಿರಿಯ ಚಿಕ್ಕನರಸಯ್ಯ ಚೂರಿ ಕೊಡುವ ಮೊದಲು ಗಟ್ಟಿಯಾಗಿ ಹೀಗೇ ಕೇಳುತ್ತಿದ್ದ. ಗಂಡಸರ ಗುಂಪಿನಲ್ಲಿ ಒಬ್ಬನೋ ಇಬ್ಬರೋ ತಲೆ ಕೆರೆದುಕೊಂಡು ಹಿಂದೆ ಸರಿಯುತ್ತಿದ್ದರು, ಉಳಿದವರು ಹೋ ಎಂದು ಕೂಗಿ ಬೆನ್ನಿಗೆ ಗುದ್ದುತ್ತಿದ್ದರು. ಊರಿಗೆಲ್ಲ ಸುದ್ದಿ ಗೊತ್ತಾಗುತ್ತಿದ್ದದ್ದೇ ಹಾಗೆ. ಜಯರಾಮು ಹಿಂದೆ ಸರಿಯಬೇಕಿತ್ತು. ಸರಿದಿದ್ದರೆ ಲಾವಣ್ಯಳ ಮಾತು ಮುರಿದಂತಾಗುತ್ತಿತ್ತು, ಸಂಜೆಯೊಳಗೆ ಅಮ್ಮ ಗೌರಕ್ಕನಿಗೆ ಗೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ವಿಜ್ಞಾನದ ಮೇಷ್ಟ್ರು ಇಂಥದ್ದಕ್ಕೆ ಹೆದರಿ ಹಿಂದೆ ಸರಿಯುವುದೆಂದರೆ ಅವನಿಗೇ ನಾಚಿಕೆ. "ಏನಿಲ್ಲ ಚಿಕ್ಕಪ್ಪ," ಎಂದು ಚೂರಿ ತೆಗೆದುಕೊಂಡ. ಚರ್ಮ ಕೊಯ್ದಾಗ ಕುರಿ ಒದರಲಿಲ್ಲ, ಕಾಲು ಮಾತ್ರ ಗಾಳಿಯಲ್ಲಿ ನಡೆಯಿತು. ತೆಳುವಾದ ಮೂಳೆ ಸರಿದು, ಬಿಳಿ ಪೊರೆಯೊಳಗಿಂದ ತಿಳಿನೀರು ಚಿಮ್ಮಿ ಅವನ ಮುಂಗೈ ಮೇಲೆ ಬೆಚ್ಚಗೆ ಹರಿಯಿತು. ಚಿಕ್ಕಪ್ಪ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ. ಕೈ ತೊಳೆದುಕೊಂಡು, ಮುದ್ದೆ ಉಂಡು, ಸಂಜೆ ಬಸ್ಸಿಗೆ ಮಧುಗಿರಿಗೆ ಬಂದು ಎಲ್ಲವನ್ನೂ ಮರೆತಿದ್ದ.

ಮರೆತಿದ್ದೇನೆ ಅಂದುಕೊಂಡಿದ್ದ. ಐದನೇ ತಿಂಗಳಲ್ಲಿ ವಿಷಯ ತಿಳಿದು ಅಮ್ಮ ಹಟ್ಟಿಯಿಂದ ಬಂದಳು. ಶುಕ್ರವಾರದ ಪೂಜೆಗೆ ಅವನು ಕಾಯಿ ಎತ್ತಿದ್ದೇ ತಡ, "ಅಯ್ಯಯ್ಯೋ, ನೀನು ಮುಟ್ಬ್ಯಾಡ ಕಣಪ್ಪ!" ಎಂದು ಕೈಯಿಂದ ಕಿತ್ತುಕೊಂಡಳು. ಅವನು ನಕ್ಕ. ಆದರೆ ನಗುವಾಗ ಮುಂಗೈಯಲ್ಲಿ ಎಲ್ಲೋ ಬೆಚ್ಚಗಾಯಿತು. ಅದರ ಮುಂದಿನ ವಾರವೇ ಡಾಕ್ಟರಮ್ಮ ಪರದೆಯ ಮುಂದೆ ಸುಮ್ಮನಾದದ್ದು. ಆವತ್ತಿನಿಂದ ಅವನು ಕಾಲೇಜಿನ ದಪ್ಪ ಪುಸ್ತಕ ತೆಗೆದು ಓದಿದ್ದೇ ಓದಿದ್ದು. ಮೊದಲು ಒಂದು ಕೊಳವೆ; ಅದರ ಒಂದು ತುದಿ ಊದಿ ಮೂರು ಗುಳ್ಳೆಯಾಗುತ್ತದೆ; ಹಿಂದಿನ ಗುಳ್ಳೆ ಮತ್ತೆ ಎರಡಾಗುತ್ತದೆ. ಅದರ ಚಾವಣಿ ಮೊದಲಿಗೆ ತೆಳ್ಳನೆಯ ಪೊರೆ ಅಷ್ಟೇ, ಒಳಗೆಲ್ಲ ನೀರು. ಆ ಪೊರೆಯ ಎಡಬಲದ ಅಂಚುಗಳು ತುಟಿಯ ಹಾಗೆ ದಪ್ಪಗಾಗಿ, ಬೆಳೆದು, ನಡುವಿಗೆ ಬಂದು ಕೂಡಿಕೊಳ್ಳುತ್ತವೆ, ಅದೇ ಅನುಮಸ್ತಿಷ್ಕ. ನಿಲ್ಲುವುದು, ನಡೆಯುವುದು, ಅನ್ನದ ತುತ್ತು ಕೆನ್ನೆಗೆ ಹೋಗದೆ ಬಾಯಿಗೇ ಹೋಗುವುದು ಎಲ್ಲ ಅದರ ಕೈಯಲ್ಲಿ. ಆ ತುಟಿಗಳು ಏಳತೊಡಗುವುದು ಯಾವ ವಾರದಲ್ಲಿ ಎಂದು ಓದಿ, ಕ್ಯಾಲೆಂಡರಿನ ಮುಂದೆ ನಿಂತು ಹಿಂದಕ್ಕೆ ಎಣಿಸಿದ. ಆ ಭಾನುವಾರವೇ ಬಂತು. ಇನ್ನೊಮ್ಮೆ ಎಣಿಸಿದ. ಅದೇ ಬಂತು. ಚಿಕ್ಕನರಸಯ್ಯನೂ ದಪ್ಪ ಪುಸ್ತಕವೂ ಸೇರಿಕೊಂಡು ತನ್ನ ಮೇಲೆ ಸಾಕ್ಷಿ ಹೇಳುತ್ತಿರುವಾಗ ಅವನು ಯಾವ ಕೋರ್ಟಿಗೆ ಹೋಗಬೇಕು? ಇದೆಲ್ಲ ಹುಚ್ಚು ಎಂದು ಅವನಿಗೆ ಗೊತ್ತಿತ್ತು. ಗೊತ್ತಿರುವುದರಿಂದ ಏನೂ ಕಡಿಮೆಯಾಗಲಿಲ್ಲ. ಸ್ಕೂಲಿನಲ್ಲಿ ಮಕ್ಕಳು ಓಡುವುದನ್ನು ನೋಡಿದರೆ ಸಾಕು, ಅವರ ನಡುವೆ ಕಾಲಗಲಿಸಿ ತೂರಾಡುತ್ತಾ, ಊಟದ ತಟ್ಟೆಯ ಗುರಿ ತಪ್ಪಿ ಗೋಡೆಗೆ ಮುಖ ತಾಗಿಸಿಕೊಳ್ಳುವ ಒಂದು ಮಗು ಕಾಣುತ್ತಿತ್ತು. ಅದರ ಮುಖ ತನ್ನದೇ.

ಇದಕ್ಕಿಂತ ಕೆಟ್ಟದ್ದೂ ಒಂದಿತ್ತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಪೇಪರು ತಿದ್ದುತ್ತಾ ಕೂತಿದ್ದಾಗ, ತೀರ್ಮಾನ ಬೇಡ ಎನ್ನುವ ಕಡೆಗೇ ಆಗಿಬಿಟ್ಟರೆ ಈ ವಿಷಯ ಅಲ್ಲಿಗೇ ಮುಗಿಯುತ್ತದೆ, ಚೂರಿಯ ಮಾತು ಯಾರಿಗೂ ಗೊತ್ತಾಗುವುದಿಲ್ಲ, ಎಂಬ ಯೋಚನೆ ತಣ್ಣಗೆ ಬಂದು ಪಕ್ಕದಲ್ಲಿ ಕೂತಿತು. ಥೂ ನಿನ್ನ! ಅವನ ಕೈಯಲ್ಲಿದ್ದ ಕೆಂಪು ಪೆನ್ನು ಯಾವುದೋ ಹುಡುಗಿಯ ಸರಿಯುತ್ತರದ ಮೇಲೆ ಅಡ್ಡ ಗೀಟು ಎಳೆದಿತ್ತು. ಆಮೇಲಿಂದ ಅವನಿಗೆ ಲಾವಣ್ಯಳ ಮುಖ ನೋಡಲಾಗಲಿಲ್ಲ. ಅವಳು ಬಾಗಿಲಲ್ಲಿ ಬಂದರೆ ಇವನಿಗೆ ಹಿತ್ತಿಲಲ್ಲಿ ಕೆಲಸ. "ಒಳಗೆ ಮೀನಾಡ್ದಂಗೆ ಆಗ್ತೈತೆ, ಕೈ ಇಟ್ಟು ನೋಡ್ರಿ," ಎಂದು ಒಂದು ಸಂಜೆ ಅವಳು ಕರೆದಳು. ಆ ನೀರು ಹರಿದ ಕೈಯನ್ನು ಅಲ್ಲಿ ಹೇಗೆ ಇಡುವುದು? ಸೀಮೆಸುಣ್ಣದ ಕೈ, ತೊಳ್ಕೊಂಡು ಬತ್ತೀನಿ ಎಂದು ಎದ್ದು ಹೋದವನು ನಲ್ಲಿಯ ಹತ್ತಿರವೇ ನಿಂತುಬಿಟ್ಟ. ಅವಳು ಇನ್ನೊಮ್ಮೆ ಕರೆಯಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಲಾವಣ್ಯಳ ಜೊತೆಯ ಕಂಡಕ್ಟರು ಸುನಿತಾ ಮುಂದಿನ ಸೀಟು ಹಿಡಿದೇ ಇದ್ದಳು. "ಬಾ ತಾಯಿ ಬಾ, ಇವತ್ತು ನೀನು ಪ್ಯಾಸೆಂಜರು, ಟಿಕೆಟ್ ತಗೋಬೇಕು," ಎಂದು ಲಾವಣ್ಯಳ ಗಲ್ಲ ಹಿಂಡಿದಳು. ಅವಳಿಗೂ ಸುಮ್ಮನೆ ಒಂದು ಸ್ಕ್ಯಾನಿಂಗ್ ಎಂದಷ್ಟೇ ಗೊತ್ತು. ಬಸ್ಸು ಬೆಟ್ಟದ ಬಂಡೆಯನ್ನು ಬೆನ್ನಿಗೆ ಹಾಕಿಕೊಂಡು ಕೊರಟಗೆರೆ ಕಡೆ ಹೊರಟಿತು. ಜಯರಾಮು ಕಿಟಕಿಯ ಹೊರಗೆ ನೋಡುತ್ತಿದ್ದ. ಲಾವಣ್ಯ, ನಡುದಾರಿಯಲ್ಲಿ ನಿಂತು ಟಿಕೆಟ್ಟು ಕೊಡುತ್ತಿದ್ದ ಸುನಿತಾಳ ಕಾಲನ್ನೇ ನೋಡುತ್ತಿದ್ದಳು. ರಸ್ತೆಯ ಹಂಪು ಬಂದಾಗಲೆಲ್ಲ ಎರಡು ಕೈಯಲ್ಲೂ ಮುಂದಿನ ಕಂಬಿ ಹಿಡಿದುಕೊಳ್ಳುತ್ತಿದ್ದಳು. ಐದು ವರ್ಷ ಏನನ್ನೂ ಹಿಡಿಯದೆ ನಿಂತವಳು! ಯಾಕೆ ಎಂದು ಕೇಳೋಣವೆನಿಸಿತು, ಕೇಳಲಿಲ್ಲ. ಕೇಳಿದರೆ ಮಾತು ಬೆಳೆಯುತ್ತದೆ, ಬೆಳೆದರೆ ಎಲ್ಲಿಗೆ ಹೋಗುತ್ತದೋ ಎಂಬ ಹೆದರಿಕೆ. ಕೊರಟಗೆರೆಯಲ್ಲಿ ಒಬ್ಬ ಕುಡುಕ ಹತ್ತಿದ. ಮೆಟ್ಟಿಲ ಮೇಲೆ ಕಾಲು ತಪ್ಪಿ, ಸರಳು ಹಿಡಿಯಲು ಹೋದ ಕೈ ಗಾಳಿ ಹಿಡಿಯಿತು, ಜನ ನಕ್ಕರು. "ನಗ್ಬೇಡ್ರಿ!" ಎಂದು ಜಯರಾಮು ಕಿರುಚಿದ. ಬಸ್ಸೆಲ್ಲ ತಿರುಗಿ ನೋಡಿತು. ಕುಡುಕನೇ ಅವನ ಹತ್ತಿರ ಬಂದು, "ನಗ್ಲಿ ಬುಡಿ ಸಾ, ನಮ್ಮೋರೇ," ಎಂದು ಸಮಾಧಾನ ಹೇಳಿ ಹೋದ. ಜಯರಾಮುಗೆ ಕಿವಿಯೆಲ್ಲ ಕೆಂಪಾಯಿತು. ಲಾವಣ್ಯ ಒಂದು ಸಲ ಅವನನ್ನು ನೋಡಿ ಮತ್ತೆ ಮುಂದೆ ನೋಡಿದಳು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಗಂಡಂದಿರು ಹೊರಗೇ ಕೂರಬೇಕು ಎಂದು ನರ್ಸಮ್ಮ ಹೇಳಿದಳು. ಅವನು, ಹೋದ ಸಲ ಒಳಗೆ ಬಿಟ್ಟಿದ್ರಲ್ಲ ಎಂದ. "ಡಾಕ್ಟ್ರು ಕರೆದ್ರೆ ಬರಬೇಕು, ಇಲ್ಲಾಂದ್ರೆ ಇಲ್ಲ. ಮೇಷ್ಟ್ರು ಅಂತೀರ, ಅಷ್ಟು ಗೊತ್ತಾಗಲ್ವಾ?" ಎಂದಳು. ಹುಡುಗನೋ ಹುಡುಗಿಯೋ ಕೇಳುವುದು ಅಪರಾಧ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಯಾರಪ್ಪಾ ಕೇಳಿದರು ಅದನ್ನ, ಎಂದುಕೊಂಡ. ಬಾಗಿಲು ಮುಚ್ಚಿತು. ಹೋದ ಸಲ ಡಾಕ್ಟರಮ್ಮ ಸುಮ್ಮನಾದದ್ದು ಅವನಿಗೆ ಕೇಳಿಸಿತ್ತು, ಈ ಸಲ ಅದೂ ಕೇಳಿಸುವುದಿಲ್ಲ. ಎದುರಿಗೆ ಒಬ್ಬ ಮುದುಕಿ ಸೊಸೆಗೆ ನೀರು ಕುಡಿಸುತ್ತಿದ್ದಳು, ಸೊಸೆಗೆ ಬಿಕ್ಕಳಿಕೆ. ಬಿಕ್ಕಳಿಕೆಯೂ ಅಲ್ಲಿಂದಲೇ, ಕತ್ತಿನ ಮೇಲಿನ ಆ ಹೆಬ್ಬೆರಳಿನಷ್ಟು ಜಾಗದಿಂದಲೇ. ತನ್ನ ಕೈ ತಲೆಯ ಹಿಂಭಾಗಕ್ಕೆ ಹೋಗಿ ಮೂಳೆಯನ್ನು ಒತ್ತಿ ನೋಡುತ್ತಿದೆ ಎಂದು ಅವನಿಗೆ ಗೊತ್ತಾದದ್ದು ಮುದುಕಿ, "ತಲೆನೋವಾ ಮಗ?" ಎಂದು ಕೇಳಿದಾಗ. ಮುಚ್ಚಿರಲಿ ಎಂದು ಬೇಡಿಕೊಳ್ಳೋಣವೆಂದರೆ ಯಾವ ಬಾಯಲ್ಲಿ? ಮಗು ಹೇಗೇ ಇದ್ದರೂ ಇರಲಿ, ತೂರಾಡಿದರೆ ತಾನು ಕೈ ಹಿಡಿದು ನಡೆಸುತ್ತೇನೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು, ಅನ್ನಿಸಿದ್ದು ಎದೆಯಲ್ಲಿ ಹಾಗೇ ನಿಂತಿತು. ಅಷ್ಟರಲ್ಲಿ ಬಾಗಿಲು ತೆರೆದು ನರ್ಸಮ್ಮ, "ಲಾವಣ್ಯ ಯಜಮಾನ್ರು ಯಾರ್ರೀ? ಬರ್ಬೇಕಂತೆ," ಎಂದಳು.

ಕೆಟ್ಟದ್ದಾದರೇ ಒಳಗೆ ಕರೆಯುತ್ತಾರೆ. ಅವನು ಕತ್ತಲ ಕೋಣೆಗೆ ಹೋಗಿ ಮಂಚದ ಕಾಲಿಗೆ ಎಡವಿದ. "ನಿಧಾನ, ನಿಧಾನ," ಎಂದರು ಡಾಕ್ಟರಮ್ಮ. ಧ್ವನಿಯಲ್ಲಿ ನಗುವಿತ್ತು. ಅದು ನಗುವೇ ಎಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಇಲ್ನೋಡಿ ಮೇಷ್ಟ್ರೇ. ಹೋದ ಸಲ ಇಲ್ಲಿ ತೆರೆದಿತ್ತಲ್ಲ, ಕಪ್ಪಗೆ? ಈಗ ನೋಡಿ, ಮಧ್ಯದ ಭಾಗ ಪೂರ್ತಿ ಇಳಿದು ಮುಚ್ಕೊಂಡಿದೆ. ಅಳತೆಯೆಲ್ಲ ಸರಿಯಾಗಿದೆ. ಹಿಂದಿನ ನೀರೂ ಎಷ್ಟಿರಬೇಕೋ ಅಷ್ಟೇ. ಸ್ವಲ್ಪ ಸೋಮಾರಿ ಮಗು, ತಡ ಮಾಡ್ತು ಅಷ್ಟೇ." ಪರದೆಯ ಮೇಲೆ ಬೂದು ಬಣ್ಣದಲ್ಲಿ ಎರಡು ಪುಟ್ಟ ಉಂಡೆಗಳು, ನಡುವೆ ಅವನ್ನು ಹಿಡಿದುಕೊಂಡ ಒಂದು ಸಣ್ಣ ಸೇತುವೆ. ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಚಿತ್ರ ಇದೇನಾ? ಇದು ಅಲುಗಾಡುತ್ತಿತ್ತು. ಅವನು, "ಡಾಕ್ಟ್ರೇ, ಹೋದ ಸಲ ಹಂಗಾಗಿದ್ದು ನಾವೇನಾದ್ರೂ..." ಎಂದು ಶುರುಮಾಡಿದ. ಅದೇ ಹೊತ್ತಿಗೆ ಮಂಚದ ಮೇಲಿದ್ದ ಲಾವಣ್ಯಳೂ, "ನಾನೇನಾದ್ರೂ..." ಎಂದಳು. ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. "ನೀವೂ ಏನೂ ಮಾಡಿಲ್ಲ, ಅವರೂ ಏನೂ ಮಾಡಿಲ್ಲ. ಅದು ಅದರ ಪಾಡಿಗೆ ಬೆಳೀತಾ ಇತ್ತು, ಇನ್ನೂ ಮುಗಿದಿರ್ಲಿಲ್ಲ. ಹೋಗಿ, ಹೊಟ್ಟೆ ತುಂಬ ತಿನ್ನಿ." ಜಯರಾಮು ಗೋಡೆಗೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತ. ನರ್ಸಮ್ಮ ಲಾವಣ್ಯಳ ಹೊಟ್ಟೆ ಒರೆಸಲು ತಂದಿದ್ದ ಟಿಶ್ಯೂ ಪೇಪರನ್ನು ಅರ್ಧ ಹರಿದು ಅವನಿಗೂ ಕೊಟ್ಟಳು.

ವಾಪಸು ಬರುವಾಗ ಕೊರಟಗೆರೆಯಲ್ಲಿ ಬಸ್ಸು ನಿಂತದ್ದೇ, "ಇಳೀರಿ, ನಂಗೆ ಹಸಿವು ತಡ್ಯಾಕಾಗಲ್ಲ, ಮುಂದಿನ ಬಸ್ಸಿಗೆ ಹೋಗಾನ," ಎಂದು ಲಾವಣ್ಯ ಎದ್ದೇಬಿಟ್ಟಳು. ಸ್ಟ್ಯಾಂಡಿನ ಎದುರಿನ ಹೋಟೆಲು ಕಂಡಕ್ಟರುಗಳೆಲ್ಲ ತಿನ್ನುವ ಜಾಗ. ದೋಸೆ ಬಂತು. ಅವಳು ತಲೆ ಎತ್ತದೆ ತಿಂದಳು. ಮೂರು ವಾರದಲ್ಲಿ ಅವಳು ತಿನ್ನುವುದನ್ನೇ ತಾನು ನೋಡಿರಲಿಲ್ಲ ಎಂದು ಅವನಿಗೆ ಹೊಳೆಯಿತು. ಮುಖ ಇಳಿದಿತ್ತು, ಬಳೆ ಮೊಣಕೈ ತನಕ ಜಾರುತ್ತಿತ್ತು. ಈಗ ಎಲ್ಲ ಸರಿಹೋಯಿತಲ್ಲ, ಹೇಳದಿದ್ದರೂ ನಡೆಯುತ್ತದೆ, ಎಂದು ಒಂದು ಮನಸ್ಸು. ಆದರೆ ಬಾಯಿ ಅವನನ್ನು ಕೇಳದೆ ಶುರುಮಾಡಿಬಿಟ್ಟಿತು. ಹಟ್ಟಿ, ಕುರಿ, ಚಿಕ್ಕಪ್ಪ ಕೇಳಿದ್ದು, ತಾನು ಏನಿಲ್ಲ ಅಂದದ್ದು, ಚೂರಿ, ಮುಂಗೈ ಮೇಲೆ ಹರಿದ ನೀರು, ಕ್ಯಾಲೆಂಡರು. ಸ್ಟಾಫ್ ರೂಮಿನಲ್ಲಿ ಬಂದ ಯೋಚನೆಯನ್ನೂ ಹೇಳಿದ, ಅದನ್ನು ಹೇಳುವಾಗ ಮಾತ್ರ ಚಟ್ನಿಯ ಬಟ್ಟಲನ್ನು ನೋಡಿಕೊಂಡು ಹೇಳಿದ. ಲಾವಣ್ಯ ದೋಸೆ ಮುರಿಯುವುದನ್ನು ನಿಲ್ಲಿಸಿದ್ದಳು. ಬೈಯುತ್ತಾಳೆ ಎಂದು ಕಾದ.

"ಕುರಿ ಏನಾಯ್ತು?" ಎಂದಳು.

"ಯಾವ...?"

"ಅದೇ ರೀ, ಕೊಯ್ದ್ರಲ್ಲ, ಆ ಕುರಿ. ಬದುಕ್ತಾ?"

ಅವನಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಕನಸು ಮನಸಿನಲ್ಲೆಲ್ಲ ತೂರಾಡಿದ ಕುರಿ ಆಮೇಲೆ ಏನಾಯಿತೆಂದು ಅವನು ಒಂದು ದಿನವೂ ಕೇಳಿರಲಿಲ್ಲ. ಲಾವಣ್ಯ ಅವನ ಫೋನು ತೆಗೆದು ಹುಚ್ಚಣ್ಣನ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ನೀರಿನ ಲೋಟಕ್ಕೆ ಒರಗಿಸಿಟ್ಟಳು. ಆ ಕಡೆಯಿಂದ ಕುರಿಗಳ ಗದ್ದಲದ ನಡುವೆ ಚಿಕ್ಕಪ್ಪನ ಕೂಗು: "ಯಾವ್ ಕುರೀಲಾ? ... ತಲೆ ಕೊಯ್ದಿದ್ದಾ? ಓ, ಅದಾ! ಹುಷಾರಾಯ್ತು ಕಣ್ಲಾ, ಆಗ್ಲೇ ಸಿರಾ ಸಂತೇಲಿ ಮಾರ್ಬುಟ್ಟೆ. ಯಾಕ್ಲಾ, ನಿಂಗೇನಾರ ಬೇಕಿತ್ತಾ?" ಜಯರಾಮು, ಚಿಕ್ಕಪ್ಪ, ಆವತ್ತು ನಾನು ಸುಳ್ಳು ಹೇಳಿದ್ದೆ, ಲಾವಣ್ಯಂಗೆ ಆಗ್ಲೇ ಎರಡು ತಿಂಗಳಾಗಿತ್ತು, ಎಂದ. ಆ ಕಡೆ ಕುರಿಗಳು ಮಾತ್ರ ಅರಚಿದವು. "ಅಯ್ಯೋ ನಿನ್ ಮನೆ ಕಾಯೋಗ! ಮಗ ಹೆಂಗೈತ್ಲಾ ಈಗ?" ಅವನು ಬಾಯಿ ತೆರೆಯುವಷ್ಟರಲ್ಲಿ ಲಾವಣ್ಯಳೇ ಬಗ್ಗಿ, "ಚೆನ್ನಾಗೈತೆ ಮಾವ!" ಎಂದು ಫೋನಿಗೆ ಕೂಗಿದಳು. "ಮತ್ತಿನ್ನೇನವ್ವ, ಮಡುಗು, ಮರಿ ಹೊಲಕ್ಕೆ ಬಿದ್ದವೆ," ಎಂದು ಹುಚ್ಚಣ್ಣ ಫೋನು ಇಟ್ಟ.

ಲಾವಣ್ಯ ನಕ್ಕಳು. ಯಾವ್ ಕುರೀಲಾ ಎಂದು ಹುಚ್ಚಣ್ಣನ ಹಾಗೇ ಹೇಳಿ ಇನ್ನೂ ನಕ್ಕಳು, ಮೇಜಿಗೆ ಹಣೆ ಹಚ್ಚಿ ನಕ್ಕಳು, ನಗುತ್ತಾ ನಗುತ್ತಾ ಅವಳ ಬೆನ್ನು ಬೇರೆ ಥರ ಅಲುಗತೊಡಗಿತು. ಮುಖ ಎತ್ತಿದಾಗ ಕಣ್ಣಲ್ಲಿ ನೀರು ಧಾರಾಕಾರ.

"ನೀವೊಬ್ರೇನಾ ಅದಕ್ಕೆ ಕೊರಗಿದ್ದು?" ಎಂದಳು. "ಮೂರು ವಾರ ನನ್ನ ಮುಖ ನೋಡ್ಲಿಲ್ಲ ನೀವು. ಮಲ್ಗಿದ್ರೆ ಗೋಡೆ ಕಡೆ ತಿರುಗ್ತಿದ್ರಿ. ಕೈ ಇಟ್ಟು ನೋಡ್ರಿ ಅಂದ್ರೆ ಎದ್ದೋದ್ರಿ. ನಾನು ಏನಂದ್ಕಂಡೆ ಗೊತ್ತಾ ನಿಮ್ಗೆ? ಡಿಪೋದಲ್ಲಿ ಹೇಳುದ್ರೆ ರೂಟಿಂದ ತೆಗೀತಾರೆ ಅಂತ ನಾಲ್ಕು ತಿಂಗ್ಳು ಬಾಯಿ ಬಿಡ್ದೆ ನಿಂತ್ಕೊಂಡೇ ಡ್ಯೂಟಿ ಮಾಡ್ದೆ. ಪಾವಗಡ ರೋಡಲ್ಲಿ ಕುಲುಕ್ಸಿ ಕುಲುಕ್ಸಿ ನಾನೇ ಅದರ ತಲೆ ಕೆಡಿಸ್ದೆ ಅಂದ್ಕಂಡೆ. ನಿಮ್ಗೂ ಅದು ಗೊತ್ತಾಗೈತೆ, ಮೇಷ್ಟ್ರಲ್ವಾ, ಓದ್ಕೊಂಡಿರ್ತಾರೆ, ಬಾಯಿ ಬಿಟ್ಟು ಅನ್ನಲ್ಲ ಅಷ್ಟೇ ಅಂತ. ದಿನಾ ನಿಮ್ಮ ಬೆನ್ನು ನೋಡ್ಕೊಂಡು ಮಲ್ಗಿದ್ದೀನಿ ನಾನು."

ಹೋಟೆಲಿನಲ್ಲಿ ಯಾರೋ ಬಿಲ್ಲು ಕೇಳುತ್ತಿದ್ದರು. ಜಯರಾಮು ತಟ್ಟೆ ಪಕ್ಕಕ್ಕೆ ಸರಿಸಿದ. ತಪ್ಪನ್ನೆಲ್ಲ ತನ್ನದೆಂದು ತಬ್ಬಿಕೊಂಡು, ತಾನೊಬ್ಬನೇ ಸುಡುತ್ತಿದ್ದೇನೆ ಎಂದು ಕೂತಿದ್ದನಲ್ಲ, ಆ ಹೊತ್ತೆಲ್ಲ ಇವಳು ಒಂದು ಮೊಳ ದೂರದಲ್ಲಿ ಅದೇ ಬೆಂಕಿಯಲ್ಲಿದ್ದಳು, ಹಚ್ಚಿದವನು ತಾನು. ಚೂರಿ ಅಲ್ಲ, ಕುರಿ ಅಲ್ಲ, ಈ ಬೆನ್ನು. "ತಪ್ಪಾಯ್ತು ಕಣೆ," ಎಂದ. ಮೂರು ವಾರ ಯಾರ್ಯಾರಿಗೋ, ದೇವರಿಗೂ ಪುಸ್ತಕಕ್ಕೂ ಸತ್ತ ಚಿಕ್ಕನರಸಯ್ಯನಿಗೂ ಒಳಗೊಳಗೇ ಹೇಳಿದ್ದ ಮಾತು ಅದು. ಅವಳಿಗೆ ಹೇಳಿದ್ದು ಇದೇ ಮೊದಲು.

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಇಬ್ರೂ ಏನೂ ಮಾಡಿಲ್ವಂತಲ್ಲ, ಆಯ್ತು ಬುಡಿ," ಎಂದಳು. ಬೆಂಚಿನಲ್ಲಿ ಒಂದಿಷ್ಟು ಸರಿದು, "ಅಲ್ಯಾಕೆ ಕೂತಿದ್ದೀರಾ ದೂರ, ಪಕ್ಕಕ್ಕೆ ಬನ್ನಿ," ಎಂದಳು. ಅವನು ಎದ್ದು, ಮೇಜು ಸುತ್ತಿ ಬಂದು, ಅವಳ ಬೆಂಚಿನಲ್ಲಿ ಮೈಗೆ ಮೈ ತಾಗುವ ಹಾಗೆ ಕೂತ. ಹೇಗೆ ಎದ್ದೆ, ಯಾವ ಕಾಲು ಮೊದಲು ಇಟ್ಟೆ ಎಂಬುದು ಅವನಿಗೆ ಗೊತ್ತೇ ಆಗಲಿಲ್ಲ. "ಇನ್ನೊಂದು ದೋಸೆ ಹೇಳ್ರಿ, ನಿಮ್ಗೂ ಒಂದು," ಎಂದಳು ಲಾವಣ್ಯ. ಅವನು ಹೇಳಿದ. ಹೇಳಿದ್ದು ಎಷ್ಟು ಗಟ್ಟಿಯಾಗಿ ಬಂತೆಂದರೆ ಹೋಟೆಲಿನವರೆಲ್ಲ ತಿರುಗಿ ನೋಡಿದರು, ಒಳಗೆ ಕಾವಲಿಯ ಹತ್ತಿರ ಇದ್ದವನೂ ತಲೆ ಹೊರಗೆ ಹಾಕಿದ. ಈ ಸಲ ಅವನ ಕಿವಿ ಕೆಂಪಾಗಲಿಲ್ಲ.